ಮುಕ್ಕಾಲು ಅಸಲು

ಆರ್ಮಿಡೇಲ್ ಊರಿನ ರೈಲ್ವೆ ನಿಲ್ದಾಣದ ಹಿಂದೆ
ಒಂದು ಮರ. ಇಲ್ಲಿಯವರು ಗಮ್ ಅನ್ನುತ್ತಾರೆ,
ಅಂಟು ಅಂದ ಹಾಗೆ, ಅಸಡ್ಡೆಯಾಗಿ.
ನಾನು ನೀಲಗಿರಿ ಅಂದೆ.
ಯಾವ ಗಿರಿ, ಎಲ್ಲಿ, ಎಂದು ನಕ್ಕ ಕೆವ್ ಹ್ಯಾಲೊರನ್.
ಹೇಗೆ ಹೇಳಲಿ, ಇವರ ಮರಕ್ಕೆ
ನಮ್ಮ ಬೆಟ್ಟದ ಹೆಸರಿಟ್ಟುಕೊಂಡು
ನಮ್ಮದೇ ಎಂದು ನಂಬಿದ್ದೆ
ಹೈಸ್ಕೂಲು ಮುಗಿಯುವ ತನಕ.

ಕೆವ್ ಪುರಸಭೆಯ ಮರ ನೋಡಿಕೊಳ್ಳುವವನು,
ಬೆನ್ನಿಗೆ ಔಷಧದ ಡಬ್ಬಿ. ಕೊಂಬೆ ತೋರಿಸಿದ.
ಕಪ್ಪಗೆ, ಮುಷ್ಟಿ ಗಾತ್ರದ ಮುದ್ದೆ,
ಒಂದರ ಮೇಲೊಂದು ಹೆಣೆದು ಮಲಗಿದ ಹುಳಗಳು.
ಕಂಬಳಿಹುಳ ಅಲ್ಲ, ಗರಗಸನೊಣದ ಮರಿಗಳು.
ಬೆಂಕಿ ಉಗುಳ್ತಾವೆ, ಹುಷಾರು, ಅಂದ.
ಕಡ್ಡಿಯಿಂದ ತಿವಿದೆ.
ಇಡೀ ಮುದ್ದೆ ಒಮ್ಮೆಗೇ ತಲೆಯೆತ್ತಿತು, ಬಾಲವೆತ್ತಿತು,
ಬಾಯಿಬಾಯಲ್ಲೂ ಒಂದು ಹಳದಿ ಹನಿ.
ಆಮೇಲೆ ವಾಸನೆ ಬಂತು.

ಆ ವಾಸನೆ.
ಗುಂಡ್ಲುಪೇಟೆ ಬಸ್‌ಸ್ಟ್ಯಾಂಡು, ಊಟಿಗೆ ಹೋಗುವ ಕೆಂಪು ಬಸ್ಸು,
ಕಿಟಕಿ ಕಿಟಕಿಗೂ ಕೈ ಎತ್ತಿ ಓಡುವ ಅಪ್ಪ:
ನೆಗಡಿಗೆ, ತಲೆನೋವಿಗೆ, ಸೊಂಟ ಹಿಡಿದರೆ,
ಶುದ್ಧ ನೀಲಗಿರಿ ಎಣ್ಣೆ ಸ್ವಾಮೀ,
ಮೂಸಿ ನೋಡಿ, ಮೂಸೋಕೆ ಕಾಸಿಲ್ಲ!
ರಾತ್ರಿ ಒಲೆಯಿಂದ ದೂರ ಕೂತು
ಟರ್ಪೆಂಟೈನ್ ಡಬ್ಬಿ, ಆಲಿಕೆ, ಬೆರಳುದ್ದದ ಸೀಸೆಗಳು.
ಆಲಿಕೆ ಹಿಡಿಯುವ ಕೆಲಸ ನನ್ನದು.
ಮುಕ್ಕಾಲು ಅಸಲು ಕಣವ್ವ, ಅನ್ನುತ್ತಿದ್ದ,
ಇನ್ನು ಕಾಲು, ಬದುಕು.

ಅಸಲು ನಕಲು ಹೇಳುವುದೇ ಈಗ ನನ್ನ ಸಂಬಳ.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಒಂದು ಯಂತ್ರ,
ಅದರ ಹೊಟ್ಟೆಯಲ್ಲಿ ನೂಲಿನಷ್ಟು ಸಣ್ಣ ಕೊಳವೆ,
ಮೂವತ್ತು ಮೀಟರು, ಸುರುಳಿ ಸುತ್ತಿ ಕಾಯಿಸಿಟ್ಟದ್ದು.
ಹನಿ ಚುಚ್ಚಿದರೆ ಹಗುರಾದದ್ದು ಮೊದಲು ಓಡಿ ಬರುತ್ತದೆ,
ಉಳಿದದ್ದು ಹಿಂದೆ,
ತೆರೆಯ ಮೇಲೆ ಒಂದೊಂದಕ್ಕೂ ಒಂದೊಂದು ಶಿಖರ.
ಪೈನೀನ್. ಲಿಮೊನೀನ್. ಸಿನಿಯೋಲ್.
ನೀಲಿ ಗೆರೆಯ ಗಿರಿ, ಕೆವ್, ಇಲ್ಲಿ.

ಒಂದು ವಾರ ತಡಿ ಅಂದೆ ಅವನಿಗೆ.
ಎಲೆ ಅರೆದು ತೆಗೆದ ಎಣ್ಣೆ ಒಂದು,
ಹುಳದ ಬಾಯಿಂದ ಹೀರಿದ್ದು ಒಂದು.
ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟೆ.
ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.
ತನ್ನನ್ನು ಯಾರೂ ತಿನ್ನದಿರಲೆಂದು ಎಲೆ ಕೂಡಿಟ್ಟ ನಂಜು,
ಹುಳ ಬಾಯಲ್ಲೇ ಬೇರ್ಪಡಿಸುತ್ತದೆ:
ಸೊಪ್ಪು ಹೊಟ್ಟೆಗೆ, ಎಣ್ಣೆ ಗಂಟಲ ಪಕ್ಕದ ಚೀಲಕ್ಕೆ.
ನಂಜುಂಡನಿಗೆ ಮುಡಿ ಕೊಟ್ಟ ಮನೆಯವಳು ನಾನು,
ಗಂಟಲಲ್ಲಿ ನಿಲ್ಲಿಸುವ ವಿದ್ಯೆ ನನಗೆ ಹೊಸತಲ್ಲ.
ಆದರೆ ಆ ಸ್ವಾಮಿ ಯಾರ ಮೇಲೂ ಉಗುಳಲಿಲ್ಲ.
ಹುಳಕ್ಕೆ ಹಕ್ಕಿಗಳಿವೆ, ಇರುವೆಗಳಿವೆ.
ಉಗುಳಿದರೂ
ಒಂದು ತೊಟ್ಟು ಬೆರಕೆಯಿಲ್ಲ.

ಕೊನೆಯ ಸೀಸೆ ನನ್ನ ಹತ್ತಿರವಿತ್ತು.
ಇಪ್ಪತ್ತಮೂರು ವರ್ಷ.
ಬಿರಡೆಗೆ ಅಪ್ಪ ಸುರಿದ ಮೇಣ, ಮೇಣದಲ್ಲಿ ಅವನ ಹೆಬ್ಬೆಟ್ಟು.
ಎಲ್ಲರೂ ಮನೆಗೆ ಹೋದಮೇಲೆ ಬ್ಲೇಡಿನಿಂದ ಬಿಡಿಸಿದೆ,
ಹೆಬ್ಬೆಟ್ಟು ಒಡೆಯದ ಹಾಗೆ.
ಒಡೆಯಿತು.
ನಲವತ್ತು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲ.
ಮೊದಲು ಎದ್ದದ್ದು ಟರ್ಪೆಂಟೈನಿನ ಬೆಟ್ಟ.
ಎದ್ದಿತು, ಏಳುತ್ತಲೇ ಹೋಯಿತು,
ಸಿನಿಯೋಲ್ ಅದರ ಮಗ್ಗುಲಲ್ಲಿ ದಿಬ್ಬದ ಹಾಗೆ.
ಕಾಲೇ ಅಸಲು, ಅಪ್ಪ.
ಮುಕ್ಕಾಲು ಬದುಕು.
ಇಸವಿ ಲೆಕ್ಕ ಹಾಕಿದೆ. ನಾನು ಬಿಎಸ್ಸಿ ಸೇರಿದ ವರ್ಷ.

ರಾತ್ರಿ ಹುಳಗಳು ಮುದ್ದೆ ಬಿಚ್ಚಿ ಮೇಯಲು ಹೋಗುತ್ತವೆ.
ಹಾದಿ ತಪ್ಪಿದ್ದು ಬಾಲದಿಂದ ಕೊಂಬೆ ಬಡಿಯುತ್ತದೆ,
ಉಳಿದವು ತಿರುಗಿ ಬಡಿಯುತ್ತವೆ, ಇಲ್ಲಿದ್ದೇವೆ ಅಂತ.
ಟಾರ್ಚು ಹಿಡಿದು ಹೋದೆ. ಕೊಂಬೆಗೆ ಕಿವಿಯಿಟ್ಟೆ.
ಏನೂ ಕೇಳಿಸಲಿಲ್ಲ, ಚಳಿಗೆ ಹಲ್ಲು ಕಟಕಟ ಅಂದದ್ದು ಬಿಟ್ಟರೆ.
ಬೆರಳ ಗೆಣ್ಣಿನಿಂದ ಎರಡು ಸಲ ಬಡಿದೆ,
ಸುಮ್ಮನೆ.

ಬೆಳಿಗ್ಗೆ ಕೆವ್ ಡಬ್ಬಿ ಹೊತ್ತು ಬಂದ. ಏನಂತೆ?
ಶುದ್ಧ ಅಸಲು, ಅಂದೆ, ಹೊಡೀಬೇಡ,
ಹದಿನೈದು ದಿನಕ್ಕೆ ತಾವೇ ಮಣ್ಣಿಗಿಳೀತಾವೆ.
ಅವನು ಒಮ್ಮೆ ಮೂಸಿದ,
ನನ್ನ ಕೆಂಪು ಕಣ್ಣು ನೋಡಿದ.
ನೆಗಡಿಯಾ?
ಹೂಂ, ಅಂದೆ.